ಮನೆಯಲ್ಲಿ ಬಿಯರ್ ಹುದುಗಿಸಲು ಸ್ಟೇನ್‌ಲೆಸ್ ಸ್ಟೀಲ್ ಫರ್ಮೆಂಟರ್: ಆಯ್ಕೆಯಿಂದ ಮೊದಲ ತೊಳೆತದವರೆಗೆ

ಇಪ್ಪತ್ತೈದು ಡಾಲರ್‌ನ ಪ್ಲಾಸ್ಟಿಕ್ ಬಕೆಟ್‌ನಲ್ಲಿಯೂ ಸ್ಪರ್ಧೆಯಲ್ಲಿ ಬಹುಮಾನ ಪಡೆಯುವಂತಹ ಬಿಯರ್ ಹುದುಗುತ್ತದೆ. ಫರ್ಮೆಂಟರ್, ಅಂದರೆ ಬಿಯರ್ ಹುದುಗಿಸುವ ಪಾತ್ರೆ, ಮಾರುವವರು ಈ ಮಾತನ್ನು ಹೇಳುವುದಿಲ್ಲ, ಆದ್ದರಿಂದ ನಾನು ಮೊದಲೇ ಹೇಳಿಬಿಡುತ್ತೇನೆ. ಪಾತ್ರೆ ಎಷ್ಟು ಸ್ವಚ್ಛವಾಗಿತ್ತು, ಹುದುಗುವಾಗ ಎಷ್ಟು ತಂಪಾಗಿತ್ತು, ಕೊನೆಯಲ್ಲಿ ಬಿಯರ್ ಹೊರಗೆ ಬರುವಾಗ ಅದಕ್ಕೆ ಎಷ್ಟು ಗಾಳಿ ತಾಗಿತು ಎಂಬ ಮೂರು ಸಂಗತಿಗಳ ಮೇಲೆ ರುಚಿ ನಿಂತಿದೆ. ಸ್ಟೀಲ್‌ಗೆ ಹಣ ಹಾಕುವುದಾದರೆ ಈ ಮೂರರಲ್ಲಿ ಒಂದನ್ನಾದರೂ ಆ ಪಾತ್ರೆ ನಿಮಗೆ ಸುಲಭ ಮಾಡಿಕೊಡಬೇಕು. ಹೊಳಪು ನೋಡಿ ಕೊಳ್ಳುವುದೂ ತಪ್ಪಲ್ಲ, ಹವ್ಯಾಸವೆಂದ ಮೇಲೆ ಅಷ್ಟು ಆಸೆ ಇದ್ದೇ ಇರುತ್ತದೆ. ಆ ಖರ್ಚನ್ನು ಬಿಯರ್‌ನ ಲೆಕ್ಕಕ್ಕೆ ಬರೆಯದಿದ್ದರೆ ಸಾಕು.

ಇದನ್ನು ಮುಖ್ಯವಾಗಿ ಅಮೆರಿಕದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗಿನಿಂದ ಅಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಕೇಂದ್ರ ಸರ್ಕಾರದ ತೆರಿಗೆ ಇಲ್ಲ. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ವಯಸ್ಕರಿದ್ದರೆ 200 ಗ್ಯಾಲನ್ ಮಿತಿ. ಮಾರುವಂತಿಲ್ಲ. ರಾಜ್ಯಗಳ ಕಾನೂನು ಬೇರೆಯೇ ಇದ್ದು, ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು 2013ರಲ್ಲಿ ಎಲ್ಲರಿಗಿಂತ ಕೊನೆಗೆ ಒಪ್ಪಿಕೊಂಡವು. ಬ್ರಿಟನ್‌ನಲ್ಲಿ ಮನೆಯ ಬಿಯರ್‌ಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲೇ ಹೋಯಿತು. ಕರ್ನಾಟಕದಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಅದು ಮನೆಮಂದಿಗಷ್ಟೇ ಎಂದರೂ ನಡೆಯದು. ಬೆಂಗಳೂರಿನ ಓದುಗರು ಈ ಬರಹವನ್ನು ಮೈಕ್ರೋಬ್ರೂವರಿಗಳ ಗಾಜಿನ ಹಿಂದೆ ಕಾಣುವ ಟ್ಯಾಂಕ್‌ಗಳನ್ನು ಅರ್ಥ ಮಾಡಿಕೊಳ್ಳಲು ಬಳಸಿಕೊಳ್ಳಬಹುದು.

1. ಪಾತ್ರೆಗಿಂತ ಮೊದಲು ತಂಪಿನ ವ್ಯವಸ್ಥೆ

ಏಲ್ ಮತ್ತು ಲಾಗರ್ ಬಿಯರ್‌ನ ಎರಡು ಮುಖ್ಯ ಬಗೆಗಳು. ಸಾಮಾನ್ಯ ಏಲ್ ಯೀಸ್ಟ್‌ಗಳಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್, ಲಾಗರ್ ಯೀಸ್ಟ್‌ಗಳಿಗೆ 8ರಿಂದ 13 ಡಿಗ್ರಿ ಹಿತ. ಹುದುಗುವಿಕೆ ತಾನೇ ಶಾಖ ಹುಟ್ಟಿಸುತ್ತದೆ. ಮೊದಲ ಎರಡು ಮೂರು ದಿನ ಪಾತ್ರೆಯ ಒಳಗು ಕೋಣೆಗಿಂತ 3ರಿಂದ 5 ಡಿಗ್ರಿ ಬಿಸಿಯಾಗಿರುವುದು ಮಾಮೂಲು. ಕೋಣೆ 22 ಇದೆ ಎಂದು ನೆಮ್ಮದಿಯಾಗಿದ್ದರೆ ಒಳಗೆ 26 ಆಗಿರುತ್ತದೆ, ಆ ಬಿಸಿಯಲ್ಲಿ ಯೀಸ್ಟ್ ಗಂಟಲು ಸುಡುವ ಘಾಟು ಆಲ್ಕೋಹಾಲ್‌ಗಳನ್ನೂ ಬೇಡದ ಹಣ್ಣಿನ ವಾಸನೆಯನ್ನೂ ಬಿಡುತ್ತದೆ. ಅದನ್ನು ಆರುನೂರು ಡಾಲರ್‌ನ ಸ್ಟೀಲ್ ತಡೆಯಲಾರದು.

ಆದ್ದರಿಂದ ತಂಪು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನಿರ್ಧರಿಸಿ, ಪಾತ್ರೆಯ ಬಗೆ ಅದರ ಹಿಂದೆ ತಾನಾಗಿ ಬರುತ್ತದೆ. ಮೂರು ದಾರಿಗಳಿವೆ. ಹಳೆಯ ಫ್ರಿಜ್ ಅಥವಾ ಚೆಸ್ಟ್ ಫ್ರೀಜರ್‌ಗೆ ಹೊರಗಿನಿಂದ ಉಷ್ಣಾಂಶ ನಿಯಂತ್ರಕ ಜೋಡಿಸಿ ಅದರೊಳಗೆ ಪಾತ್ರೆ ಇಡುವುದು ಒಂದು. ಮುಚ್ಚಳದಿಂದ ಕೆಳಗಿಳಿದ ಸ್ಟೀಲ್ ಸುರುಳಿಯಲ್ಲಿ ಮಂಜುಗಡ್ಡೆ ಹಾಕಿದ ನೀರನ್ನು ಪಂಪ್ ಮಾಡುವುದು ಎರಡನೆಯದು. ಅದೇ ಸುರುಳಿಗೆ ಅಥವಾ ಪಾತ್ರೆಯ ಎರಡು ಪದರದ ಮೈಗೆ ಗ್ಲೈಕಾಲ್ ಚಿಲ್ಲರ್‌ನಿಂದ ತಣ್ಣನೆಯ ದ್ರವ ಹರಿಸುವುದು ಮೂರನೆಯದು.

ನನ್ನ ಮತ ಫ್ರಿಜ್‌ನ ಪರ. ಬಳಸಿದ ಫ್ರಿಜ್ ಅಗ್ಗ, ರಿಪೇರಿ ಸುಲಭ, ಲಾಗರ್‌ಗೂ ಸಾಕು, ಕೊನೆಯಲ್ಲಿ ಬಿಯರನ್ನು 2 ಡಿಗ್ರಿಗೆ ಇಳಿಸಲೂ ಸಾಕು. ಆದರೆ ಕೊಳ್ಳುವ ಮೊದಲು ಟೇಪ್ ಹಿಡಿದು ಒಳಗೆ ಅಳೆಯಿರಿ. ಕಪಾಟುಗಳನ್ನು ತೆಗೆದ ಮೇಲೆ ಅಗಲ, ಆಳ, ಎತ್ತರ ಎಷ್ಟು? ಹಿಂಬದಿಯ ತಳದಲ್ಲಿ ಕಂಪ್ರೆಸರ್‌ಗಾಗಿ ಬಿಟ್ಟ ಉಬ್ಬು ಎಷ್ಟು ಜಾಗ ತಿನ್ನುತ್ತದೆ? ಬಾಗಿಲ ಒಳಮೈಯ ಬಾಟಲಿ ಕಟ್ಟೆ ಪಾತ್ರೆಗೆ ತಾಗುತ್ತದೆಯೇ? ಫರ್ಮೆಂಟರ್‌ನ ವಿವರಣೆಯಲ್ಲಿ ಹಲವು ಬಾರಿ ಮೈಯ ವ್ಯಾಸವನ್ನಷ್ಟೇ ಕೊಟ್ಟಿರುತ್ತಾರೆ. ಮುಂದಕ್ಕೆ ಚಾಚಿದ ವಾಲ್ವ್, ಪಕ್ಕದ ಹಿಡಿಗಳು, ಮುಚ್ಚಳದ ಕ್ಲಿಪ್‌ಗಳು ಆ ಲೆಕ್ಕದಲ್ಲಿ ಇರುವುದಿಲ್ಲ. ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ, ನೀರು ತುಂಬಿದ ಪುಟ್ಟ ಸಾಧನ) ಅಥವಾ ನೊರೆ ಹೊರಹೋಗುವ ಕೊಳವೆಗೆಂದು ಮೇಲೆ ಇನ್ನೊಂದು 10–15 ಸೆಂ.ಮೀ. ಬಿಡಬೇಕು. ಕಾಲುಗಳ ಮೇಲೆ ನಿಂತ ಶಂಕುವಿನಾಕಾರದ ಪಾತ್ರೆಗಳು ಇಲ್ಲಿಯೇ ಸೋಲುತ್ತವೆ. ತಳದ ವಾಲ್ವ್ ಸೇರಿದ ಮೇಲೆ ಅವುಗಳ ಎತ್ತರ ಮನೆಯ ಸಾಧಾರಣ ಫ್ರಿಜ್‌ಗೆ ಮೀರಿದ್ದಾಗುತ್ತದೆ.

ತೂಕವನ್ನೂ ಲೆಕ್ಕ ಹಾಕಿ. 20 ಲೀಟರ್ ವರ್ಟ್, ಅಂದರೆ ಇನ್ನೂ ಹುದುಗದ ಮಾಲ್ಟ್ ರಸ, ಸುಮಾರು 21 ಕಿಲೋ ತೂಗುತ್ತದೆ. ಪಾತ್ರೆ ಸೇರಿದರೆ 26ರಿಂದ 30 ಕಿಲೋ. ಅದನ್ನು ಸೊಂಟದೆತ್ತರದ ಚೆಸ್ಟ್ ಫ್ರೀಜರ್‌ನ ಅಂಚು ದಾಟಿಸಿ, ಬಗ್ಗಿ, ತಳಕ್ಕೆ ಮೆಲ್ಲನೆ ಇಳಿಸಬೇಕು. ಬೆನ್ನು ನೋವಿರುವವರು ನೆಟ್ಟಗೆ ನಿಲ್ಲುವ ಫ್ರಿಜ್ ಹುಡುಕಿಕೊಳ್ಳಿ, ಇಲ್ಲವೇ ಖಾಲಿ ಪಾತ್ರೆಯನ್ನು ಒಳಗಿಟ್ಟು ಆಮೇಲೆ ಪಂಪಿನಿಂದ ತುಂಬಿಸಿ.

ಮಂಜುಗಡ್ಡೆ ನೀರಿನ ಸುರುಳಿ ಏಲ್‌ಗಳಿಗೆ ಸಾಕು, ಲಾಗರ್‌ಗೆ ಪರದಾಟ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಟೆಕ್ಸಾಸ್‌ನ ಗ್ಯಾರೇಜಿನಲ್ಲಿ ದಿನಕ್ಕೆರಡು ಸಲ ಮಂಜುಗಡ್ಡೆ ಬದಲಾಯಿಸುವ ಉತ್ಸಾಹ ಎಷ್ಟು ದಿನ ಇದ್ದೀತು? ಗ್ಲೈಕಾಲ್ ಚಿಲ್ಲರ್ ಎಲ್ಲವನ್ನೂ ಮಾಡುತ್ತದೆ, ಆದರೆ ಅದರ ಬೆಲೆ ಹಲವು ವೇಳೆ ಫರ್ಮೆಂಟರನ್ನೇ ಮೀರಿಸುತ್ತದೆ. ಎರಡು ಮೂರು ಪಾತ್ರೆಗಳನ್ನು ಬೇರೆ ಬೇರೆ ಉಷ್ಣಾಂಶದಲ್ಲಿ ಒಟ್ಟಿಗೆ ನಡೆಸುವವರಿಗೆ ಅದು ಸರಿ. ತಂಪಿನ ಯಾವ ವ್ಯವಸ್ಥೆಯೂ ಸಾಧ್ಯವಿಲ್ಲ ಎನ್ನುವವರಿಗೆ ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಎಂಬ ಯೀಸ್ಟ್ ಇದೆ. 30 ಡಿಗ್ರಿ ದಾಟಿದರೂ ಅದು ಚೆನ್ನಾಗಿಯೇ ಹುದುಗಿಸುತ್ತದೆ. ಅಂಥವರು ಹೊಸ ಪಾತ್ರೆಗಿಂತ ಮೊದಲು ಒಂದು ಪೊಟ್ಟಣ ಕ್ವೈಕ್ ಕೊಳ್ಳುವುದು ಲಾಭ.

2. ಎಷ್ಟು ಲೀಟರ್?

ಅಮೆರಿಕದ ಮನೆ ಬಿಯರ್ ಜಗತ್ತು 5 ಗ್ಯಾಲನ್‌ಗೆ, ಅಂದರೆ 19 ಲೀಟರ್‌ಗೆ ಹೊಂದಿಕೊಂಡಿದೆ. ಪಾಕವಿಧಾನಗಳು, ಮಾಲ್ಟ್ ಕಿಟ್‌ಗಳು, ಬಿಯರ್ ತುಂಬಿಡುವ ಕೆಗ್‌ಗಳು ಎಲ್ಲವೂ ಅದೇ ಅಳತೆಗೆ ಸಿಗುತ್ತವೆ. ಹುದುಗುವಾಗ ನೊರೆ ಏರುವುದರಿಂದ ಮೇಲೆ ನಾಲ್ಕನೇ ಒಂದು ಭಾಗದಷ್ಟು ಜಾಗ ಖಾಲಿ ಇರಬೇಕು. ಗೋಧಿ ಬಿಯರ್‌ಗೆ ಮತ್ತು ಸ್ಟೌಟ್ ಎಂಬ ಗಟ್ಟಿ ಕಪ್ಪು ಬಿಯರ್‌ಗಳಿಗೆ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ 19–20 ಲೀಟರ್ ಮಾಡುವವರಿಗೆ 7 ಗ್ಯಾಲನ್, ಎಂದರೆ ಸುಮಾರು 26 ಲೀಟರ್‌ನ ಪಾತ್ರೆ ಸರಿಹೋಗುತ್ತದೆ.

ಮುಂದೆ ಬೇಕಾದೀತೆಂದು 14 ಗ್ಯಾಲನ್‌ನದನ್ನು ಕೊಂಡು ಅದರಲ್ಲಿ 5 ಗ್ಯಾಲನ್ ಮಾಡುವವರಿದ್ದಾರೆ. ಶಂಕುವಿನಾಕಾರದ ದೊಡ್ಡ ಪಾತ್ರೆಯಲ್ಲಿ ಕಡಿಮೆ ದ್ರವ ಹಾಕಿದರೆ ಥರ್ಮಾಮೀಟರಿನ ಕೊಳವೆಗೂ ತಂಪಿನ ಸುರುಳಿಗೂ ಬಿಯರ್ ಎಟುಕದೇ ಹೋಗಬಹುದು. ಕೊಳ್ಳುವ ಮುನ್ನ ಕನಿಷ್ಠ ಎಷ್ಟು ಲೀಟರ್ ಹಾಕಬೇಕು ಎಂದು ವಿಚಾರಿಸಿಕೊಳ್ಳಿ. ಹುದುಗುವಿಕೆ ಮುಗಿದ ಮೇಲೆ ಮೇಲ್ಭಾಗದಲ್ಲಿ ಅಷ್ಟು ದೊಡ್ಡ ಖಾಲಿ ಜಾಗ ಇರುವುದೂ ಒಳ್ಳೆಯದಲ್ಲ.

3. ನಾಲ್ಕು ಬಗೆಯ ಪಾತ್ರೆಗಳು, ಅವುಗಳ ನಿಜವಾದ ಉಪಯೋಗ

ಸ್ಟೀಲ್ ಬಕೆಟ್: ಅಗಲ ಬಾಯಿ, ಕ್ಲಿಪ್ ಹಾಕುವ ಮುಚ್ಚಳ, ಸಿಲಿಕೋನ್ ಗ್ಯಾಸ್ಕೆಟ್, ಕೆಳಗೆ ಒಂದು ವಾಲ್ವ್. ಎಸ್‌ಎಸ್ ಬ್ರೂಟೆಕ್‌ನ ಬ್ರೂ ಬಕೆಟ್, ಆನ್ವಿಲ್‌ನ ಬಕೆಟ್ ಫರ್ಮೆಂಟರ್ ಈ ಜಾತಿಯವು. ವಾಲ್ವ್‌ಗೆ ಒಳಬದಿಯಲ್ಲಿ ಬಾಗಿದ ಚಿಕ್ಕ ಕೊಳವೆ ಇದ್ದು, ಹೊರಗಿನಿಂದ ತಿರುಗಿಸಿ ಅದರ ಬಾಯಿಯನ್ನು ಗಷ್ಟಿನ ಮಟ್ಟಕ್ಕಿಂತ ಮೇಲೆ ಇಟ್ಟುಕೊಳ್ಳಬಹುದು. ಬೆಲೆ ಅಂದಾಜು 150ರಿಂದ 250 ಡಾಲರ್. ಕೈ ತಳದವರೆಗೂ ಹೋಗುತ್ತದೆ, ಬಟ್ಟೆಯಿಂದ ಒರೆಸಿ ತೊಳೆಯಬಹುದು, ಫ್ರಿಜ್‌ನಲ್ಲಿ ಕೂರುತ್ತದೆ. ಹುದುಗುವಾಗ ಏರ್‌ಲಾಕ್‌ನಲ್ಲಿ ಗುಳ್ಳೆ ಕಾಣದಿದ್ದರೆ ಗಾಬರಿ ಬೇಡ, ಈ ಮುಚ್ಚಳಗಳ ಅಂಚಿನಿಂದ ಅನಿಲ ಸೋರುವುದುಂಟು. ನಿಮಗೆ ಯಾವುದು ಬೇಕೆಂದು ತಿಳಿಯದಿದ್ದರೆ ಇದನ್ನೇ ತೆಗೆದುಕೊಳ್ಳಿ.

ಶಂಕುವಿನಾಕಾರದ ಫರ್ಮೆಂಟರ್, ಅಂದರೆ ಕೋನಿಕಲ್: ಎಲ್ಲರ ಕಣ್ಣು ಇದರ ಮೇಲೆ. ಕೆಳಭಾಗ ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ ಕಿರಿದಾಗುತ್ತಾ ಒಂದು ವಾಲ್ವ್‌ಗೆ ಬಂದು ನಿಲ್ಲುತ್ತದೆ. ತಳದಲ್ಲಿ ಸೇರಿದ ಗಷ್ಟನ್ನು ಹೊರಬಿಡಬಹುದು, ಯೀಸ್ಟ್ ಸಂಗ್ರಹಿಸಿ ಮುಂದಿನ ಬಿಯರ್‌ಗೆ ಬಳಸಬಹುದು. ಬ್ಲಿಕ್‌ಮನ್, ಸ್ಪೈಕ್, ಎಸ್‌ಎಸ್ ಬ್ರೂಟೆಕ್ ಇವು ಇದನ್ನು ಮನೆಯ ಅಳತೆಗೆ ತಂದ ಹೆಸರುಗಳು. ಸತ್ತ ಯೀಸ್ಟ್‌ನ ಮೇಲೆ ಬಿಯರ್ ಕೂತರೆ ಕೆಡುತ್ತದೆ, ಆದ್ದರಿಂದ ಕೋನಿಕಲ್ ಬೇಕು ಎಂಬ ವಾದ ದೊಡ್ಡ ಬ್ರೂವರಿಯದು. ಅಲ್ಲಿ ಹಲವು ಮೀಟರ್ ಎತ್ತರದ ದ್ರವದ ಭಾರ, ತಳದಲ್ಲಿ ಒತ್ತೊತ್ತಾಗಿ ಕೂತು ಬಿಸಿಯಾಗುವ ಯೀಸ್ಟ್. 20 ಲೀಟರ್‌ನ ಪಾತ್ರೆಯಲ್ಲಿ ಬಿಯರ್ ಮೂರು ವಾರ ಯೀಸ್ಟ್‌ನ ಮೇಲೆ ಕೂತರೆ ಏನೂ ಆಗುವುದಿಲ್ಲ. ಯೀಸ್ಟ್ ಸಂಗ್ರಹಿಸಬೇಕಿದ್ದರೆ ಬಕೆಟ್‌ನ ತಳದಿಂದಲೂ ಸ್ವಚ್ಛವಾದ ಜಾಡಿಗೆ ಸುರಿದುಕೊಳ್ಳಬಹುದು. ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂಗಳನ್ನು ಹೆಚ್ಚು ಹಾಕುವ ಐಪಿಎ ಎಂಬ ಬಗೆಯ ಬಿಯರ್ ಮಾಡಿದಾಗ ತಳದ ಸಣ್ಣ ವಾಲ್ವ್ ಹಾಪ್ಸ್ ಚೂರುಗಳಿಂದ ಕಟ್ಟಿಕೊಳ್ಳುತ್ತದೆ. ಮನೆಗೆ ತರುವುದಾದರೆ ಈ ತಳದ ದ್ವಾರ ಒಂದೂವರೆ ಇಂಚಿಗಿಂತ ಕಡಿಮೆ ಇರದಂತೆ, ಸಾಧ್ಯವಾದರೆ ಎರಡು ಇಂಚು ಇರುವಂತೆ ನೋಡಿಕೊಳ್ಳಿ.

ಕೋನಿಕಲ್‌ನ ನಿಜವಾದ ಲಾಭ ಬೇರೆ. ಒಂದೇ ಯೀಸ್ಟ್‌ನಿಂದ ಸಾಲಾಗಿ ನಾಲ್ಕೈದು ಬಿಯರ್ ಮಾಡುವವರಿಗೆ, ತಿಂಗಳಿಗೆರಡು ಸಲ ಕುದಿಸುವವರಿಗೆ ಅದು ಕೆಲಸ ಹಗುರ ಮಾಡುತ್ತದೆ. ವರ್ಷಕ್ಕೆ ನಾಲ್ಕು ಸಲ ಮಾಡುವವರಿಗೆ ಅದು ತೊಳೆಯಬೇಕಾದ ಇನ್ನಷ್ಟು ಬಿಡಿಭಾಗಗಳನ್ನು ಮಾತ್ರ ತರುತ್ತದೆ.

ಯುನಿಟ್ಯಾಂಕ್: ಒತ್ತಡ ತಡೆಯುವ ಕೋನಿಕಲ್. ಮನೆಯ ಮಾದರಿಗಳು ಸಾಮಾನ್ಯವಾಗಿ 15 ಪಿಎಸ್‌ಐ (ಚದರ ಇಂಚಿಗೆ 15 ಪೌಂಡ್) ಒತ್ತಡ, ಅಂದರೆ ಸುಮಾರು ಒಂದು ಬಾರ್ ತಡೆಯುತ್ತವೆ. ಹುದುಗುವುದು, ತಣಿಸುವುದು, ತಿಳಿಯಾಗಿಸುವುದು, ಅನಿಲ ತುಂಬುವುದು ಎಲ್ಲವೂ ಒಂದೇ ಪಾತ್ರೆಯಲ್ಲಿ ನಡೆಯುತ್ತದೆ. ಬಿಯರ್ ಒಮ್ಮೆಯೂ ಗಾಳಿ ಕಾಣದೆ ನೇರ ಕೆಗ್‌ಗೆ ಹೋಗುತ್ತದೆ. ಹಾಪ್ಸ್ ಪರಿಮಳವೇ ಜೀವವಾಗಿರುವ ಮಬ್ಬು ಐಪಿಎಗಳಿಗೆ ಇದು ದೊಡ್ಡ ವಿಷಯ. ಅವು ಸ್ವಲ್ಪ ಆಮ್ಲಜನಕ ತಾಗಿದರೂ ಕೆಲವೇ ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಪರಿಮಳ ಕಳೆದುಕೊಳ್ಳುತ್ತವೆ. ಬೆಲೆ ಆರುನೂರು ಡಾಲರ್‌ನಿಂದ ಶುರುವಾಗಿ ಸಾವಿರ ದಾಟುತ್ತದೆ. ತಂಪಿನ ಯಂತ್ರ ಬೇರೆ.

ಕೆಗ್: ಅಂಗಡಿಯವರು ಕೊನೆಗೆ ತೋರಿಸುವ, ನಾನು ಮೊದಲು ನೋಡಿ ಎನ್ನುವ ಆಯ್ಕೆ. ತಂಪುಪಾನೀಯ ಕಂಪನಿಗಳಿಗಾಗಿ ಹುಟ್ಟಿದ 5 ಗ್ಯಾಲನ್‌ನ ಕಾರ್ನೀಲಿಯಸ್ ಕೆಗ್ ಸ್ಟೇನ್‌ಲೆಸ್ ಸ್ಟೀಲ್‌ನದೇ. ಬಹುತೇಕ ಕೆಗ್‌ಗಳ ಮೈಮೇಲೆ 130 ಪಿಎಸ್‌ಐ ಎಂದು ಅಚ್ಚಾಗಿರುತ್ತದೆ. ಬಳಸಿದ್ದು ನೂರು ಡಾಲರ್‌ನೊಳಗೆ ಸಿಗುತ್ತದೆ. ಅದರಲ್ಲಿ 15 ಲೀಟರ್ ಹುದುಗಿಸಬಹುದು. ತಳದಿಂದ ಎಳೆಯುವ ಕೊಳವೆಯ ಬದಲು ಮೇಲೆ ತೇಲುತ್ತಾ ಬಿಯರ್ ಎಳೆಯುವ ಮೆದು ಕೊಳವೆ ಹಾಕಿದರೆ ಗಷ್ಟು ತಳದಲ್ಲೇ ಉಳಿಯುತ್ತದೆ. ಯುನಿಟ್ಯಾಂಕ್ ಕೊಡುವ ಒತ್ತಡದ ಹುದುಗುವಿಕೆ, ಗಾಳಿ ತಾಗದ ವರ್ಗಾವಣೆ ಎರಡೂ ಇದರಲ್ಲಿವೆ. ಬಾಯಿ ಚಿಕ್ಕದು, ಕೈ ಕಷ್ಟಪಟ್ಟು ಹೋಗುತ್ತದೆ, ಉದ್ದ ಬ್ರಷ್ ಬೇಕು. ಹಳೆಯದನ್ನು ಕೊಂಡರೆ ಎಲ್ಲ ರಬ್ಬರ್ ಉಂಗುರಗಳನ್ನೂ ಬದಲಾಯಿಸಿ, ಇಲ್ಲದಿದ್ದರೆ ನಿಮ್ಮ ಪಿಲ್ಸ್ನರ್‌ಗೆ ಕೋಲಾ ವಾಸನೆ ಬರುತ್ತದೆ. ಒಂದು ಎಚ್ಚರಿಕೆ: ಬ್ರೂವರಿಯ ಹೆಸರು ಅಚ್ಚಾಗಿರುವ ದೊಡ್ಡ ಬಿಯರ್ ಕೆಗ್‌ಗಳು ಬ್ರೂವರಿಯ ಆಸ್ತಿ. ಅಂಗಡಿಯಲ್ಲಿ ಕೊಟ್ಟ ಠೇವಣಿ ಬೆಲೆಯಲ್ಲ, ಅದನ್ನು ಕತ್ತರಿಸಿ ಪಾತ್ರೆ ಮಾಡಿಕೊಳ್ಳುವ ಹಕ್ಕು ನಿಮಗೆ ಬರುವುದಿಲ್ಲ.

4. ಉಕ್ಕಿನ ದರ್ಜೆ

ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 304 ದರ್ಜೆ ಸಾಕು: ಸುಮಾರು ಶೇಕಡ 18 ಕ್ರೋಮಿಯಂ, 8 ನಿಕಲ್. ಊರಿನ ಪಾತ್ರೆ ಅಂಗಡಿಯಲ್ಲಿ 18/8 ಎನ್ನುವುದೂ ಇದನ್ನೇ. 316ರಲ್ಲಿ ಶೇಕಡ 2–3 ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪಿಗೆ ಹೆಚ್ಚು ತಡೆದುಕೊಳ್ಳುತ್ತದೆ, ಬಿಯರ್‌ಗೆ ಆ ಖರ್ಚು ದಂಡ. ದರ್ಜೆಯನ್ನೇ ಹೇಳದೆ ಬರಿದೇ ಸ್ಟೇನ್‌ಲೆಸ್ ಎಂದು ಮಾರುವ ಪಾತ್ರೆಯನ್ನು ಬಿಟ್ಟುಬಿಡಿ; ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಉಕ್ಕು ಬೇಗ ಕಲೆ ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವುದು ನಂಬಲರ್ಹವಲ್ಲ. ಒತ್ತಿ ಬಗ್ಗಿಸಿದ ಕಡೆಗಳಲ್ಲಿ ಅಸಲಿ 304 ಕೂಡ ಅಯಸ್ಕಾಂತವನ್ನು ಸ್ವಲ್ಪ ಎಳೆಯುತ್ತದೆ, ಮ್ಯಾಂಗನೀಸ್ ಉಕ್ಕು ಎಳೆಯದೆಯೂ ಇರಬಹುದು.

5. ಬೆಸುಗೆ ಮತ್ತು ವಾಲ್ವ್: ಬೆರಳಿನಿಂದ ನೋಡಬೇಕಾದ ಭಾಗ

ಪಾತ್ರೆಯ ಗುಣಮಟ್ಟ ತಿಳಿಯುವುದು ಒಳಮೈಯಲ್ಲಿ. ಮೊಬೈಲ್‌ನ ಟಾರ್ಚ್ ಹಾಕಿ, ಒಳಗಿನ ಪ್ರತಿ ಬೆಸುಗೆಯ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಬೆಸುಗೆಯ ಸುತ್ತ ತಿಳಿ ಹುಲ್ಲಿನ ಬಣ್ಣವಿದ್ದರೆ ಚಿಂತೆಯಿಲ್ಲ. ಕಡು ನೀಲಿ, ಬೂದು ಅಥವಾ ಕರಕಲಾದ ಸಕ್ಕರೆಯಂತೆ ಹರಳುಗಟ್ಟಿದ ಕಪ್ಪು ಕಂಡರೆ ಬೆಸುಗೆ ಹಾಕುವಾಗ ಹಿಂಬದಿಯಿಂದ ಆರ್ಗಾನ್ ಅನಿಲ ಕೊಟ್ಟಿಲ್ಲ ಎಂದರ್ಥ. ಆ ಹರಳುಗಳ ಸಂದಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ, ತುಕ್ಕೂ ಅಲ್ಲಿಂದಲೇ ಆರಂಭವಾಗುತ್ತದೆ. ಅಂಥ ಪಾತ್ರೆಯನ್ನು ಮರಳಿಸಿ. ಒಳಮೈಯ ನಯವನ್ನು ಆರ್‌ಎ ಎಂಬ ಅಳತೆಯಲ್ಲಿ ಹೇಳುತ್ತಾರೆ; 0.8 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಹಾರೋದ್ಯಮದ ಮಟ್ಟದ್ದು.

ಇನ್ನು ವಾಲ್ವ್. ಎಷ್ಟೋ ಮನೆಗಳಲ್ಲಿ ಬಿಯರ್ ಹುಳಿಯಾಗುವುದಕ್ಕೆ ಕಾರಣ ಇಲ್ಲಿರುತ್ತದೆ. ಬಾಲ್ ವಾಲ್ವ್‌ನ ಒಳಗೆ ರಂಧ್ರವಿರುವ ಸ್ಟೀಲ್ ಗುಂಡೊಂದು ಬಿಳಿಯ ಮೆದು ಉಂಗುರಗಳ ನಡುವೆ ತಿರುಗುತ್ತದೆ. ಮುಚ್ಚಿದಾಗ ಗುಂಡಿನ ರಂಧ್ರದೊಳಗೂ, ಗುಂಡು ಮತ್ತು ವಾಲ್ವಿನ ಮೈ ನಡುವಿನ ಸಂದಿನಲ್ಲೂ ಬಿಯರ್ ಉಳಿಯುತ್ತದೆ. ಹೊರಗಿನಿಂದ ಎಷ್ಟೇ ನೀರು ಹರಿಸಿದರೂ ಆ ಸಂದಿಗೆ ಮುಟ್ಟುವುದಿಲ್ಲ. ಮೂರು ತುಂಡಿನ ವಾಲ್ವನ್ನೇ ಕೊಳ್ಳಿ. ಬೋಲ್ಟ್ ಬಿಚ್ಚಿದರೆ ನಡುವಿನ ಭಾಗ ಹೊರಬರುತ್ತದೆ, ಗುಂಡನ್ನು ಬೆರಳಿನಿಂದ ತಳ್ಳಿ ತೆಗೆದು ಉಜ್ಜಬಹುದು. ಕೆಲವು ಬಾರಿ ಬಳಸಿದ ಮೇಲೆ ಒಮ್ಮೆ ಬಿಚ್ಚಿ ನೋಡಿ, ಒಳಗಿನ ಕಂದು ಲೋಳೆ ನಿಮಗೆ ತಾನೇ ಪಾಠ ಹೇಳುತ್ತದೆ. ಸೋಂಕುನಿವಾರಕ ಹರಿಸುವಾಗ ವಾಲ್ವನ್ನು ಪೂರ್ತಿ ತೆರೆಯದೆ ಅರ್ಧದಲ್ಲಿ ಹಿಡಿಯಿರಿ, ಆಗ ದ್ರವ ಗುಂಡಿನ ಸುತ್ತಲೂ ನುಗ್ಗುತ್ತದೆ. ಬಟರ್‌ಫ್ಲೈ ವಾಲ್ವ್‌ನಲ್ಲಿ ಈ ರಗಳೆ ಕಡಿಮೆ. ಒಂದು ತಟ್ಟೆ, ಒಂದು ರಬ್ಬರ್ ಸೀಟು, ಎರಡು ಹೋಳು ಅಷ್ಟೇ. ಕೋನಿಕಲ್ ತೆಗೆದುಕೊಳ್ಳುವವರು ಬಟರ್‌ಫ್ಲೈ ಇರುವುದನ್ನೇ ನೋಡಿ.

ಜೋಡಣೆಗಳು ತಿರುಪಿನವಾಗಿದ್ದರೆ ಆ ತಿರುಪಿನ ಸುತ್ತುಗಳ ಸಂದಿನಲ್ಲೂ ಕೊಳೆ ಕೂರುತ್ತದೆ. ಅದರ ಬದಲು ಟ್ರೈ-ಕ್ಲಾಂಪ್ ಇರಲಿ: ಎರಡು ಚಪ್ಪಟೆ ಅಂಚುಗಳ ನಡುವೆ ಗ್ಯಾಸ್ಕೆಟ್ ಇಟ್ಟು ಹೊರಗಿನಿಂದ ಪಟ್ಟಿ ಬಿಗಿಯುವ ವಿಧಾನ, ಡೇರಿಗಳಿಂದ ಬಂದದ್ದು. ಹೊಸಬರು ಇಲ್ಲಿ ತಪ್ಪು ಅಳತೆ ತರಿಸಿಕೊಳ್ಳುತ್ತಾರೆ. ಟ್ರೈ-ಕ್ಲಾಂಪ್‌ನ ಇಂಚು ಕೊಳವೆಯದು, ಅಂಚಿನದಲ್ಲ. ಒಂದೂವರೆ ಇಂಚಿನದರ ಅಂಚನ್ನು ಅಳೆದರೆ 50.5 ಮಿ.ಮೀ. ಬರುತ್ತದೆ, ಅದನ್ನು ನೋಡಿ ಎರಡು ಇಂಚೆಂದು ತಿಳಿಯುತ್ತಾರೆ. ನಿಜವಾದ ಎರಡು ಇಂಚಿನದು 64 ಮಿ.ಮೀ. ಒಂದು ಇಂಚು ಮತ್ತು ಒಂದೂವರೆ ಇಂಚಿನ ಅಂಚುಗಳ ಅಳತೆ ಒಂದೇ, ಪಟ್ಟಿ ಎರಡಕ್ಕೂ ಹೊಂದುತ್ತದೆ, ರಂಧ್ರ ಮಾತ್ರ ಬೇರೆ.

6. ಒತ್ತಡದ ವಿಷಯದಲ್ಲಿ ಅಂದಾಜು ಬೇಡ

20 ಲೀಟರ್ ಸಾಧಾರಣ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದಕ್ಕೆ ದಾರಿ ಇರಲೇಬೇಕು. ಬಕೆಟ್‌ನ ಮುಚ್ಚಳದ ವ್ಯಾಸ 30 ಸೆಂ.ಮೀ. ಎಂದುಕೊಳ್ಳಿ. ಅದರ ಮೇಲೆ 15 ಪಿಎಸ್‌ಐ ಒತ್ತಡ ಬಿದ್ದರೆ ಮುಚ್ಚಳವನ್ನು ಮೇಲಕ್ಕೆ ತಳ್ಳುವ ಬಲ 700 ಕಿಲೋ ಭಾರಕ್ಕಿಂತ ಹೆಚ್ಚು. ನಾಲ್ಕು ಕ್ಲಿಪ್‌ಗಳು ಅದನ್ನು ಹಿಡಿಯಲಾರವು. ಸ್ಟೀಲ್ ಗಟ್ಟಿ ಅಲ್ಲವೇ ಎಂದು ಬಕೆಟ್‌ನ ಏರ್‌ಲಾಕ್ ರಂಧ್ರವನ್ನು ಮುಚ್ಚುವ ಪ್ರಯೋಗ ಮಾಡಬೇಡಿ. ಒತ್ತಡದಲ್ಲಿ ಹುದುಗಿಸಬೇಕಿದ್ದರೆ ತಯಾರಕರು ಬರೆದುಕೊಟ್ಟ ಮಿತಿ ಇರುವ ಪಾತ್ರೆ, ತಾನಾಗಿ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್, ಬೇಕಾದ ಒತ್ತಡಕ್ಕೆ ಹೊಂದಿಸಬಹುದಾದ ಸ್ಪಂಡಿಂಗ್ ವಾಲ್ವ್ ಮೂರೂ ಇರಬೇಕು. ಸುರಕ್ಷತಾ ವಾಲ್ವ್‌ಗೆ ನೊರೆ ನುಗ್ಗಿ ಒಣಗಿದರೆ ಅದು ಕಚ್ಚಿಕೊಳ್ಳುತ್ತದೆ. ಪ್ರತಿ ಸಲ ಬಿಚ್ಚಿ ತೊಳೆಯಿರಿ.

ಒತ್ತಡ ಒಳಗಿನಿಂದ ಹೊರಕ್ಕೆ ಮಾತ್ರ ಅಲ್ಲ. 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಿದಾಗ ಮೇಲಿನ ಖಾಲಿ ಜಾಗದ ಅನಿಲ ಶೇಕಡ 6ರಷ್ಟು ಕುಗ್ಗುತ್ತದೆ, ತಣ್ಣನೆಯ ಬಿಯರ್ ಅದರಲ್ಲಿ ಇನ್ನಷ್ಟನ್ನು ಹೀರಿಕೊಳ್ಳುತ್ತದೆ. ಏರ್‌ಲಾಕ್ ಇದ್ದರೆ ಅದರ ನೀರು ಮತ್ತು ಹೊರಗಿನ ಗಾಳಿ ಒಳಗೆ ಹೋಗುತ್ತವೆ. ರಂಧ್ರ ಮುಚ್ಚಿದ್ದರೆ ತೆಳು ಪಾತ್ರೆ ಒಳಕ್ಕೆ ತಗ್ಗಬಹುದು. ತಣಿಸುವಾಗ ಸಣ್ಣ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಕೊಡುವ ವ್ಯವಸ್ಥೆ ಮುಚ್ಚಳದಲ್ಲಿದೆಯೇ ಎಂದು ಕೊಳ್ಳುವಾಗಲೇ ಕೇಳಿ. ತೊಳೆಯುವಾಗಲೂ ಇದೇ ಅಪಾಯ ಇನ್ನೊಂದು ರೂಪದಲ್ಲಿದೆ. ಬಿಸಿನೀರಿನಿಂದ ತೊಳೆದ ಟ್ಯಾಂಕನ್ನು ಮುಚ್ಚಿಟ್ಟು ತಣ್ಣೀರು ಬಿಟ್ಟರೆ, ಅಥವಾ ಇಂಗಾಲದ ಡೈಆಕ್ಸೈಡ್ ತುಂಬಿದ ಟ್ಯಾಂಕಿಗೆ ಕಾಸ್ಟಿಕ್ ಸೋಡಾ ಹಾಕಿದರೆ, ಒಳಗೆ ನಿರ್ವಾತವಾಗಿ ಟ್ಯಾಂಕ್ ಮುದುಡುತ್ತದೆ. ತೊಳೆಯುವಾಗ ಮೇಲಿನ ಒಂದು ದ್ವಾರ ತೆರೆದೇ ಇರಲಿ.

ಮುಚ್ಚಿದ ಸಣ್ಣ ಕೋಣೆಯಲ್ಲಿ ಎರಡು ಮೂರು ಪಾತ್ರೆ ಹುದುಗಿಸುವವರು ಕಿಟಕಿ ತೆರೆದಿಡಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲಮಾಳಿಗೆಯ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ.

7. ಪೆಟ್ಟಿಗೆ ಬಿಚ್ಚಿದ ದಿನ

ಹೊಸ ಪಾತ್ರೆಯನ್ನು ನೇರ ಬಳಸಬೇಡಿ. ಕಾರ್ಖಾನೆಯ ಎಣ್ಣೆ, ಉಜ್ಜುವ ಪುಡಿ ಒಳಗೆ ಅಂಟಿರುತ್ತದೆ. ಬಿಳಿಯ ಹತ್ತಿ ಬಟ್ಟೆಯಿಂದ ಬೆಸುಗೆಗಳ ಮೇಲೆ ಒರೆಸಿದರೆ ಬೂದು ಗೆರೆ ಮೂಡುವುದು ಕಾಣುತ್ತದೆ. ಎಲ್ಲ ವಾಲ್ವ್, ಗ್ಯಾಸ್ಕೆಟ್ ಬಿಚ್ಚಿ, ಬ್ರೂವರಿಗಳಿಗೆಂದೇ ಬರುವ ಕ್ಷಾರೀಯ ತೊಳೆಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿಸಿ, ಅರ್ಧ ಗಂಟೆ ಬಿಟ್ಟು ಮೆದು ಬಟ್ಟೆಯಿಂದ ಉಜ್ಜಿ. ತೊಳೆದು, ಮತ್ತೊಮ್ಮೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಗೆರೆ ಬರುವುದು ನಿಲ್ಲುವವರೆಗೂ ಇದೇ ಕೆಲಸ.

ಆಮೇಲೆ ಆಮ್ಲದ ಸರದಿ. ಉಕ್ಕಿನ ಮೇಲಿರುವ ಕ್ರೋಮಿಯಂ ಆಕ್ಸೈಡ್‌ನ ಕಣ್ಣಿಗೆ ಕಾಣದ ಪದರವೇ ತುಕ್ಕು ತಡೆಯುವುದು. ಕಾರ್ಖಾನೆಯ ಉಪಕರಣಗಳಿಂದ ಅಂಟಿದ ಕಬ್ಬಿಣದ ಕಣಗಳನ್ನು ಕರಗಿಸಿದರೆ ಆ ಪದರ ಗಾಳಿಯಲ್ಲಿ ತಾನಾಗಿ ಕಟ್ಟಿಕೊಳ್ಳುತ್ತದೆ. ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪಿನ ಬಿಸಿ ದ್ರಾವಣ ಅಥವಾ ತಯಾರಕರು ಹೇಳಿದ ಆಮ್ಲವನ್ನು ಒಳಗೆಲ್ಲಾ ತಾಗಿಸಿ, ತೊಳೆದು, ಬಟ್ಟೆಯಿಂದ ಒರೆಸದೆ ಒಂದು ದಿನ ಗಾಳಿಗೆ ಬಿಡಿ.

ಮೂರನೆಯದು ನೀರಿನ ಪರೀಕ್ಷೆ. ಎಲ್ಲವನ್ನೂ ಜೋಡಿಸಿ, ಪಾತ್ರೆ ತುಂಬ ನೀರು ಹಾಕಿ, ಕೆಳಗೆ ಒಣ ದಿನಪತ್ರಿಕೆ ಹಾಸಿ ರಾತ್ರಿಯಿಡೀ ಬಿಡಿ. ಹನಿಯೊಂದು ಜಿನುಗಿದರೂ ಕಾಗದ ಹೇಳುತ್ತದೆ. ನೀರು ಹಾಕುವಾಗ ಲೀಟರ್ ಲೆಕ್ಕದಲ್ಲಿ ಅಳೆದು ಹಾಕಿ. ಒಳಗೆ ಕೊರೆದಿರುವ ಗುರುತುಗಳು ಸರಿಯಿವೆಯೇ ಎಂಬುದೂ ಅದೇ ಕೆಲಸದಲ್ಲಿ ತಿಳಿಯುತ್ತದೆ. ಒತ್ತಡದ ಪಾತ್ರೆಯಾದರೆ ಕೆಲವು ಪಿಎಸ್‌ಐ ಅನಿಲ ಕೊಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಸವರಿ ಗುಳ್ಳೆ ನೋಡಿ.

ಥರ್ಮೋವೆಲ್, ಅಂದರೆ ಥರ್ಮಾಮೀಟರ್ ಕಡ್ಡಿ ತೂರಿಸುವ ಒಂದು ತುದಿ ಮುಚ್ಚಿದ ಕೊಳವೆ, ಬಿಯರ್‌ನ ನಡುಮಟ್ಟಕ್ಕೆ ತಲುಪುತ್ತದೆಯೇ ಎಂದು ಈಗಲೇ ಗಮನಿಸಿ. ಫ್ರಿಜ್‌ನ ಗಾಳಿಯ ಉಷ್ಣಾಂಶ ನೋಡಿ ನಿಯಂತ್ರಕ ನಡೆಸಿದರೆ ಒಳಗಿನ ಬಿಯರ್‌ಗೂ ಅದಕ್ಕೂ ಸಂಬಂಧವಿರುವುದಿಲ್ಲ. ಥರ್ಮೋವೆಲ್ ಇಲ್ಲದ ಪಾತ್ರೆಯಾದರೆ ಕಡ್ಡಿಯನ್ನು ಹೊರಮೈಗೆ ಅಂಟಿಸಿ ಮೇಲೆ ದಪ್ಪ ಸ್ಪಂಜು ಕಟ್ಟಿ. ಸ್ಟೀಲ್ ಗೋಡೆ ತೆಳ್ಳಗಿರುವುದರಿಂದ ಅದೂ ಸಾಕಷ್ಟು ನಿಖರ.

8. ದಿನನಿತ್ಯದ ಆರೈಕೆ

ಬಿಯರ್ ಹೊರಹೋದ ದಿನವೇ ತೊಳೆಯಿರಿ. ಒಣಗಿದ ನೊರೆಯ ಉಂಗುರ ಮಾರನೆಯ ದಿನ ಎರಡು ಪಟ್ಟು ಕೆಲಸ ಕೊಡುತ್ತದೆ. ಕ್ಲೋರಿನ್ ಬ್ಲೀಚ್ ಮುಟ್ಟಿಸಬೇಡಿ. ಕ್ಲೋರೈಡ್ ಆ ರಕ್ಷಣಾ ಪದರವನ್ನು ಚುಚ್ಚಿ ಸೂಜಿಮೊನೆಯಂಥ ಗುಳಿಗಳನ್ನು ಮಾಡುತ್ತದೆ, ಅವು ಮತ್ತೆ ಸರಿಹೋಗುವುದಿಲ್ಲ. ಕಬ್ಬಿಣದ ತಂತಿ ಬ್ರಷ್ ಕೂಡ ಬೇಡ, ಅದರ ಕಣಗಳು ಉಳಿದು ತುಕ್ಕು ಹಿಡಿಯುತ್ತವೆ. ಸೋಂಕುನಿವಾರಣೆಗೆ ಸ್ಟಾರ್ ಸ್ಯಾನ್‌ನಂತಹ ಫಾಸ್ಫಾರಿಕ್ ಆಮ್ಲದ ದ್ರವ ಅನುಕೂಲ: 19 ಲೀಟರ್ ನೀರಿಗೆ ಸುಮಾರು 30 ಮಿ.ಲೀ., ಒಂದೆರಡು ನಿಮಿಷ ಮೈಯೆಲ್ಲ ಒದ್ದೆಯಾಗಿರಬೇಕು, ಆಮೇಲೆ ನೀರಿನಿಂದ ತೊಳೆಯುವ ಅಗತ್ಯವಿಲ್ಲ. ಕೊಳೆ ಇರುವ ಪಾತ್ರೆಗೆ ಅದನ್ನು ಹಾಕಿ ಪ್ರಯೋಜನವಿಲ್ಲ, ಮೊದಲು ತೊಳೆತ, ಆಮೇಲೆ ಸೋಂಕುನಿವಾರಣೆ.

ಹಲವು ಬಾರಿ ಬಳಸಿದ ಮೇಲೆ ಒಳಗೆ ಒರಟಾದ ಬಿಳಿಚು ಪೊರೆ ಕಂಡರೆ ಅದು ಕ್ಯಾಲ್ಸಿಯಂ ಆಕ್ಸಲೇಟ್, ಬಿಯರ್ ಕಲ್ಲು ಎನ್ನುತ್ತಾರೆ. ಕ್ಷಾರದಿಂದ ಅದು ಹೋಗುವುದಿಲ್ಲ, ಅದಕ್ಕೆಂದೇ ಸಿಗುವ ಆಮ್ಲೀಯ ಕ್ಲೀನರ್ ಬೇಕು. ಕ್ಷಾರವನ್ನೂ ಆಮ್ಲವನ್ನೂ ಒಟ್ಟಿಗೆ ಬೆರೆಸಬೇಡಿ, ನಡುವೆ ಚೆನ್ನಾಗಿ ನೀರು ಹರಿಸಿ.

ಗ್ಯಾಸ್ಕೆಟ್‌ಗಳ ಆಯುಸ್ಸು ಪಾತ್ರೆಯಷ್ಟಿಲ್ಲ. ಸಿಲಿಕೋನ್ ಮೆದುವಾಗಿ ಚೆನ್ನಾಗಿ ಕೂರುತ್ತದೆ, ಆದರೆ ಹಾಪ್ಸ್ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕವನ್ನೂ ಅಷ್ಟಿಷ್ಟು ಬಿಡುತ್ತದೆ. ಇಪಿಡಿಎಂ ರಬ್ಬರ್ ಆ ವಿಷಯದಲ್ಲಿ ಮೇಲು. ಹುಳಿ ಬಿಯರ್ ಮಾಡುವವರು ಅಥವಾ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಬಳಸುವವರು ಅದಕ್ಕೆ ಬೇರೆಯೇ ಗ್ಯಾಸ್ಕೆಟ್‌ಗಳನ್ನು ಇಟ್ಟುಕೊಳ್ಳಿ, ಸ್ಟೀಲ್ ಪಾತ್ರೆ ಮಾತ್ರ ಎರಡಕ್ಕೂ ಒಂದೇ ಸಾಕು. ಪಾತ್ರೆ ತರಿಸುವಾಗಲೇ ಒಂದು ಜೊತೆ ಹೆಚ್ಚಿನ ಗ್ಯಾಸ್ಕೆಟ್ ತರಿಸಿಡಿ. ಅದು ಹರಿಯುವುದು ವರ್ಟ್ ತಣ್ಣಗಾಗಿ ಯೀಸ್ಟ್ ಹಾಕಲು ಸಿದ್ಧವಾದ ಭಾನುವಾರ ಸಂಜೆ, ಅಂಗಡಿಗಳು ಮುಚ್ಚಿರುವಾಗ. ಬಳಸದ ತಿಂಗಳುಗಳಲ್ಲಿ ಪಾತ್ರೆಯನ್ನು ಪೂರ್ತಿ ಒಣಗಿಸಿ, ವಾಲ್ವ್ ತೆರೆದು, ಗ್ಯಾಸ್ಕೆಟ್ ಹೊರತೆಗೆದು, ಮುಚ್ಚಳವನ್ನು ಬಿಗಿಯದೆ ಮೇಲೆ ಇಟ್ಟಿರಿ.